ಸಂತೆಯ ವ್ಯಾನು ಏರು ಹತ್ತದಿದ್ದರೆ



ಈ ದಿನ ಬೆಳೆಯ ವಿಚಾರ ಬಿಟ್ಟು, ಬೆಳೆದದ್ದನ್ನು ಸಂತೆಗೆ ಮುಟ್ಟಿಸುವ ಗಾಡಿಯ ವಿಚಾರ ಮಾತಾಡೋಣ. ಮಾರುತಿ ವ್ಯಾನು 1984ರಲ್ಲಿ ಬಂತು. ಆಮೇಲೆ ಅದಕ್ಕೇ ಓಮ್ನಿ ಎಂದು ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತರೂ ಸೊಪ್ಪು, ಹೂವು, ಹಾಲಿನ ಕ್ಯಾನು ಹೊತ್ತು ಎಷ್ಟೋ ಊರುಗಳಲ್ಲಿ ಅದು ಇನ್ನೂ ಓಡಾಡುತ್ತಿದೆ. ನಾನು ಹೇಳುವುದು ಕಾರ್ಬ್ಯುರೇಟರ್ ಇರುವ, ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ಇರುವ ಹಳೆಯ ಗಾಡಿಗಳಿಗೆ ಮಾತ್ರ.

"ಸಾರ್, ಏರು ಹತ್ತೋದಿಲ್ಲ, ಬಿಸಿ ಆಗ್ತದೆ, ಪೆಟ್ರೋಲು ಕುಡೀತದೆ" ಎನ್ನುತ್ತೀರಿ. ಬಿತ್ತನೆಗೆ ಹದ ಇದ್ದ ಹಾಗೆ ಕಿಡಿಗೂ ಒಂದು ಹದ ಇದೆ. ಸಿಲಿಂಡರಿನಲ್ಲಿ ಪೆಟ್ರೋಲು ಪೂರ್ತಿ ಉರಿಯಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವುದಕ್ಕೆ ಕೊಂಚ ಮುಂಚೆಯೇ ಕಿಡಿ ಬೀಳಬೇಕು. ತಡವಾದರೆ ಉರಿಯ ಬಲ ವ್ಯರ್ಥವಾಗಿ, ಇಂಜಿನೂ ಸೈಲೆನ್ಸರೂ ಕಾಯುತ್ತವೆ. ತೀರ ಬೇಗವಾದರೆ ಏರುತ್ತಿರುವ ಪಿಸ್ಟನ್ನಿಗೇ ಎದುರೇಟು. ಲೋಡಿನಲ್ಲಿ ಟಕಟಕ ಸದ್ದು ಬರುತ್ತದೆ. ಆ ಸದ್ದು ಕೇಳಿಯೂ ಓಡಿಸಿದರೆ ಪಿಸ್ಟನ್ನೇ ತೂತು ಬೀಳಬಹುದು. ಆಮೇಲೆ ಒಂದು ಸುಗ್ಗಿಯ ಲಾಭ ಷೆಡ್ಡಿಗೆ ಹೋದಂತೆಯೇ.

ಕೆಲವರು ಬೋಲ್ಟು ಸಡಿಲಿಸಿ, ಸದ್ದು ಕೇಳಿಕೊಂಡು ಡಿಸ್ಟ್ರಿಬ್ಯೂಟರನ್ನೇ ತಿರುಗಿಸಿಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಮೊದಲು ನೋಡಬೇಕಾದ್ದು ಪಾಯಿಂಟಿನ ಸಂದು. ಕ್ಯಾಮಿಗೆ ಉಜ್ಜುವ ಸಣ್ಣ ಗುಂಡಿ ಸವೆದಷ್ಟೂ ಸಂದು ಕಿರಿದಾಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಯಾರೂ ಮುಟ್ಟದಿದ್ದರೂ ಟೈಮಿಂಗು ಕೆಡುವುದು ಹೀಗೆ.

ಮುಂದಿನ ಸೀಟು ಎತ್ತಿದರೆ ಇಂಜಿನು ಕೈಗೆ ಸಿಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕು ಬಿಗಿದಿರಲಿ, ಕೀ ಜೇಬಿನಲ್ಲಿರಲಿ. ಪಾಯಿಂಟು ಪೂರ್ತಿ ತೆರೆದಾಗ ಫೀಲರ್ ಗೇಜಿನಿಂದ ಅಳೆಯಿರಿ. ಕೈಪಿಡಿ ಹೇಳಿದಷ್ಟು ಸಂದು ಇಡಿ. ಅದು ಅರ್ಧ ಮಿಲಿಮೀಟರಿನ ಸುಮಾರು. ಪಾಯಿಂಟು ಸುಟ್ಟು ಕುಳಿಬಿದ್ದಿದ್ದರೆ ಹೊಸದು ಹಾಕಿ. ಹೊಸದೂ ಬೇಗ ಸುಟ್ಟರೆ ಕಂಡೆನ್ಸರ್ ಬದಲಿಸಬೇಕು.

ಈಗ ಟೈಮಿಂಗು. ಒಂದನೇ ಸಿಲಿಂಡರಿನ ಪ್ಲಗ್ಗು ಬಿಚ್ಚಿ ಆ ತೂತಿಗೆ ಹೆಬ್ಬೆರಳು ಒತ್ತಿ, ಇಂಜಿನನ್ನು ಸ್ಪ್ಯಾನರಿನಿಂದ ಅದು ಓಡುವ ದಿಕ್ಕಿಗೇ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿತೇ? ಹಾಗಾದರೆ ಪಿಸ್ಟನ್ ಅದುಮಿಕೊಂಡು ಮೇಲೇರುತ್ತಿದೆ. ಕೈಪಿಡಿಯಲ್ಲಿ ಹೇಳಿದ ಗುರುತು ಕೂಡುವಲ್ಲಿ ನಿಲ್ಲಿಸಿ. 12 ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಹೋಗುವ ತೆಳು ವೈರಿನ ತುದಿಗೆ, ಇನ್ನೊಂದನ್ನು ಇಂಜಿನಿನ ಬರಿ ಕಬ್ಬಿಣಕ್ಕೆ ಹಿಡಿಸಿ ಕೀ ಹಾಕಿ. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಅದನ್ನು ರೋಟರ್ ತಿರುಗುವ ಕಡೆಗೇ ತಿರುಗಿಸಿ, ಬಲ್ಬು ಆರುತ್ತದೆ. ಆಮೇಲೆ ಮೆಲ್ಲಗೆ ಎದುರು ದಿಕ್ಕಿಗೆ. ಬಲ್ಬು ಹೊತ್ತಿದ ಕಡೆಯೇ ಪಾಯಿಂಟು ತೆರೆಯುವ ಜಾಗ, ಅಲ್ಲೇ ಬಿಗಿಯಿರಿ. ಕೂಡಲೇ ಕೀ ತೆಗೆಯಿರಿ. ಇಂಜಿನು ಓಡದೆ ಕೀ ಹಾಕಿಟ್ಟರೆ ಕಾಯಿಲು ಸುಡಬಹುದು.

ಇಷ್ಟಾದರೂ ಎಳೆತ ಬರದಿದ್ದರೆ ಡಿಸ್ಟ್ರಿಬ್ಯೂಟರಿನ ಪಕ್ಕದ ರಬ್ಬರ್ ಕೊಳವೆ ಬಿಚ್ಚಿ ಬಾಯಿಂದ ಎಳೆಯಿರಿ. ಒಳಗಿನ ತಟ್ಟೆ ಕದಲಬೇಕು. ಕದಲದಿದ್ದರೆ ಒಳಗಿನ ಪೊರೆ ಹರಿದಿರಬಹುದು ಇಲ್ಲವೇ ತಟ್ಟೆ ಕಚ್ಚಿಕೊಂಡಿರಬಹುದು.

ಇನ್ನೊಂದು ಮಾತು. ಗುರುತು ಕೂಡಿಸಲು ಡಿಸ್ಟ್ರಿಬ್ಯೂಟರನ್ನು ಅದರ ಗಾಡಿಯ ಕೊನೆವರೆಗೂ ಜಗ್ಗಬೇಕಾಗಿ ಬಂದರೆ ಅಲ್ಲೇ ಕೈಬಿಡಿ. ಟೈಮಿಂಗ್ ಬೆಲ್ಟು ಒಂದು ಹಲ್ಲು ಜಾರಿರಬಹುದು. ಬೆಲ್ಟು ಜಾರಿದರೆ ಕಿಡಿಯೊಂದೇ ಅಲ್ಲ, ವಾಲ್ವುಗಳ ಹೊತ್ತೂ ತಪ್ಪಿರುತ್ತದೆ. ಕಿಡಿ ಸರಿಪಡಿಸಿ ಪ್ರಯೋಜನವಿಲ್ಲ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬಲ್ಲ ಮೆಕ್ಯಾನಿಕನಿಂದ ಕವಚ ಬಿಚ್ಚಿಸಿ, ಮೇಲಿನ ಕೆಳಗಿನ ಗಾಲಿಗಳ ಗುರುತು ನಿಮ್ಮ ಎದುರಿಗೇ ಕೂಡಿಸಿಕೊಳ್ಳಿ. ಬೆಲ್ಟು ಬಿರುಕು ಬಿಟ್ಟಿದ್ದರೆ ಅದನ್ನೇ ಮತ್ತೆ ಹಾಕಿಸಬೇಡಿ.