ಬರೆ ಉಳಿಯಬೇಕಾದರೆ ಮೊದಲು ನೀರು ತಿರುಗಿಸೋಣ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಈಗಲೂ ಜೋರು ಮಳೆ ಬಂದರೆ ಮನೆ ಹಿಂದಿನ ಬರೆ ನೆನೆದು ನಿದ್ದೆ ಬರೋದಿಲ್ಲ. ನಮ್ಮ ಸಂಘದ ಸದಸ್ಯೆಯೊಬ್ಬರ ಹಿತ್ತಲ ಬರೆಯನ್ನು ಮಳೆನೀರು ಕೊರೆದಾಗ ನಾವೆಲ್ಲ ಸೇರಿ ಬುಟ್ಟಿಗಟ್ಟಲೆ ಮಣ್ಣು ಹೊತ್ತು ತುಂಬಿದೆವು. ಎರಡೇ ಮಳೆಗೆ ಅಷ್ಟೂ ಮಣ್ಣು ಅಂಗಳಕ್ಕೆ ಬಂತು! ಯಾಕೆ? ಮೇಲಿಂದ ಬರೋ ನೀರನ್ನು ನಾವು ನೋಡಲೇ ಇಲ್ಲ.

ಆದ್ದರಿಂದ ಕೆಲಸ ಮೇಲಿನಿಂದ ಶುರುವಾಗಬೇಕು. ಬೇಸಿಗೆಯಲ್ಲೇ ಬರೆಯ ತಲೆಯಿಂದ ಹಿಂದಕ್ಕೆ ಅಡ್ಡಲಾಗಿ ಕಣಿ ತೆಗೆದು, ಸ್ವಲ್ಪ ಇಳಿಜಾರು ಕೊಟ್ಟು, ನೀರನ್ನು ಪಕ್ಕದ ತೋಡಿಗೆ ಬಿಡಬೇಕು. ನೆರೆಮನೆ ಕಡೆಗೆ ಬಿಡಬಾರದು. ಕಣಿಯಲ್ಲಿ ನೀರು ನಿಲ್ಲಲೂಬಾರದು. ನಿಂತರೆ ಮಣ್ಣು ನೆನೆದು, ಭಾರವಾಗಿ ಜಾರುತ್ತದೆ.

ಆಮೇಲೆ ಕೊರಕಲಿಗೆ ಅಡ್ಡವಾಗಿ ಕಲ್ಲು ಜೋಡಿಸೋಣ. ನಡುಭಾಗ ತಗ್ಗಾಗಿರಲಿ, ಇಲ್ಲದಿದ್ದರೆ ನೀರು ಬದಿ ಕೊರೆಯುತ್ತದೆ.

ಮಳೆಗಾಲದ ಆರಂಭದಲ್ಲಿ ಲಾವಂಚ. ಬರೆಗೆ ಅಡ್ಡ ಸಾಲಾಗಿ, ಅರ್ಧ ಗೇಣಿಗೊಂದು ಬುಡ ನೆಡಬೇಕು. ಬೇರು 2-3 ಮೀಟರ್ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಬೇರಿಗೆ ಬೆಲೆ ಇದೆ ಅಂತ ಬರೆಯಿಂದ ಕೀಳಬೇಡಿ. ಮಾರಲು ಬೇರೆ ಕಡೆ ಬೆಳೆಸೋಣ.

ಕೊನೆಯ ಮಾತು. ಬರೆಯ ಮೇಲೆ ಬಿರುಕು ಬಿಟ್ಟರೆ, ಮರ ವಾಲಿದರೆ, ಹೊಸದಾಗಿ ಕೆಸರು ನೀರು ಒಸರಿದರೆ ಗುದ್ದಲಿ ಅಲ್ಲೇ ಬಿಡಿ. ಮಕ್ಕಳನ್ನೂ ಹಿರಿಯರನ್ನೂ ಕರಕೊಂಡು ಹೊರಟು, ಪಂಚಾಯತಿಗೆ ತಿಳಿಸಿ. ಬರೆಯನ್ನು ನಾವೆಲ್ಲ ಸೇರಿ ಮತ್ತೆ ಕಟ್ಟೋಣ.