ಎಂಜಿನ್ನಿನ ಒಳಸೋರಿಕೆ

ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರದ ಕಡೆಗೆ ಬರುವವರಿಗೆ, ತಿರುವಿನ ಪಕ್ಕದಲ್ಲಿ ಆವಿಯುಗುಳುತ್ತ ನಿಂತ ಲಾರಿ ಅಪರಿಚಿತ ದೃಶ್ಯವಲ್ಲ. ಬಸ್ಸಿನಲ್ಲಿ ಕುಳಿತವರು 'ಪಾಪ, ಎಂಜಿನ್ ಕಾದಿದೆ' ಎಂದುಕೊಂಡು ಮುಂದೆ ಸಾಗುತ್ತಾರೆ. ಆ ಲಾರಿಯ ಒಡೆಯನಿಗಾದರೋ ಸಾಲದ ಕಂತು, ತಲುಪಬೇಕಾದ ಸರಕು, ಮನೆಯ ಖರ್ಚು ಎಲ್ಲವೂ ಒಟ್ಟಿಗೇ ನೆನಪಾಗುತ್ತವೆ. ಹಲವು ವರ್ಷಗಳಿಂದ ಲಾರಿಗಳ ದುರಸ್ತಿಯನ್ನೇ ಕಸುಬಾಗಿ ಮಾಡಿಕೊಂಡು ಬಂದಿರುವ ನಾನು, ನೆಲದ ಮೇಲೆ ಒಂದು ಹನಿಯೂ ಬೀಳದಂತೆ ಎಂಜಿನ್ನಿನ ಒಳಗೊಳಗೇ ನಡೆಯುವ ಸೋರಿಕೆಯನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬಯಸುತ್ತೇನೆ.

ಎಂಜಿನ್ನಿನ ಕೆಳಗಿನ ಭಾಗ ಬ್ಲಾಕ್. ಅದರ ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತವೆ. ಮೇಲೆ ಮುಚ್ಚಳದಂತೆ ಕೂರುವುದು ಹೆಡ್. ಈ ಎರಡರ ನಡುವೆ ಹಾಸುವ ತೆಳ್ಳನೆಯ ಹಾಳೆಯೇ ಹೆಡ್ ಗ್ಯಾಸ್ಕೆಟ್. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಅದರ ಗಾತ್ರದ ಸುಮಾರು ೧೭ರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ೫೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ; ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬಹು ಸಮೀಪದಲ್ಲೇ ೮೦-೯೦ ಡಿಗ್ರಿಯ ನೀರು ಹರಿಯುತ್ತಿರುತ್ತದೆ. ಬೇರೊಂದು ರಂಧ್ರದಲ್ಲಿ ಆಯಿಲ್ ಹರಿಯುತ್ತಿರುತ್ತದೆ. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದನ್ನೊಂದು ಮುಟ್ಟದಂತೆ ಕಾಯುವ ಹೊಣೆ ಆ ತೆಳುವಾದ ಹಾಳೆಯದು.

ಅದು ಎಲ್ಲಿ ಸೋತಿತು ಎಂಬುದರ ಮೇಲೆ ರೋಗದ ಲಕ್ಷಣ. ಸಿಲಿಂಡರಿನ ಅನಿಲ ನೀರಿನ ದಾರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ. ನೀರು ಸಿಲಿಂಡರಿಗೆ ಇಳಿದರೆ ಹೊಗೆ ಕೊಳವೆಯಲ್ಲಿ ಬಿಳಿಯ ಆವಿ ಕಾಣುತ್ತದೆ. ನೀರು ಆಯಿಲ್‌ಗೆ ಬೆರೆತರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಹಾಳೆ ಸುಟ್ಟಿದ್ದರೆ ಎರಡರ ಒತ್ತಡವೂ ಒಟ್ಟಿಗೇ ಕುಸಿದಿರುತ್ತದೆ.

ಆದರೆ ಈ ಲಕ್ಷಣಗಳಲ್ಲಿ ಬಹುಪಾಲು ಬೇರೆ ಕಾರಣಗಳಿಂದಲೂ ಬರಬಹುದು. ಬಿಳಿಯ ಹೊಗೆ, ಇಂಜೆಕ್ಟರ್ ಕೆಟ್ಟು ಉರಿಯದೆ ಉಳಿದ ಡೀಸೆಲ್ಲಿನದೂ ಆಗಿರಬಹುದು; ಆಗ ಅದು ಕಣ್ಣನ್ನು ಉರಿಸುತ್ತದೆ, ವಾಸನೆ ಘಾಟಾಗಿರುತ್ತದೆ. ಆಯಿಲ್‌ನಲ್ಲಿ ನೀರು ಕಂಡರೆ ಆಯಿಲ್ ಕೂಲರ್ ತೂತಾಗಿರಬಹುದು. ನೀರಿನಲ್ಲಿ ನೇರವಾಗಿ ನಿಲ್ಲುವ ಲೈನರುಗಳಿದ್ದರೆ ಅವುಗಳ ಬುಡದ ರಬ್ಬರ್ ಉಂಗುರ ಸೋತಿರಬಹುದು. ಹೆಡ್ಡೇ ಬಿರುಕು ಬಿಟ್ಟಿರಲೂಬಹುದು. ಒಂದೇ ಚಿಹ್ನೆಯನ್ನು ನಂಬಿ ಹೆಡ್ ಬಿಚ್ಚಲು ಹೊರಡುವುದು, ನಾಡಿ ಹಿಡಿಯದೆ ಶಸ್ತ್ರಚಿಕಿತ್ಸೆಗೆ ಕೈಹಾಕಿದಂತೆ.

ಒಂದು ಉದಾಹರಣೆ ಹೇಳುತ್ತೇನೆ. ಒಂದೇ ಲಾರಿಯನ್ನಿಟ್ಟುಕೊಂಡು, ತಾನೇ ಓಡಿಸಿ ಜೀವನ ನಡೆಸುತ್ತಿದ್ದವನೊಬ್ಬ ನಮ್ಮಲ್ಲಿಗೆ ಬಂದ. ಘಟ್ಟ ಹತ್ತುವಾಗಲೆಲ್ಲ ಎಂಜಿನ್ ಕಾಯುತ್ತಿತ್ತು. ದಿನಕ್ಕೆ ಒಂದೆರಡು ಬಾಟಲಿ ನೀರು ಎಲ್ಲಿ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ. "ಮೇಸ್ತ್ರಿಗಳೇ, ಎಂಜಿನ್ನನ್ನೇ ಬದಲಾಯಿಸಬೇಕಂತೆ, ಹೌದೇ? ಅಷ್ಟು ದುಡ್ಡಾದರೆ ನಾನು ಗಾಡಿ ಮಾರಬೇಕು" ಎಂದ. "ಇವತ್ತು ಏನೂ ಹೇಳಲಾರೆನಪ್ಪ. ಗಾಡಿ ರಾತ್ರಿ ಇಲ್ಲೇ ತಣ್ಣಗಾಗಲಿ, ಬೆಳಿಗ್ಗೆ ನೋಡೋಣ" ಎಂದೆ.

ಬೆಳಿಗ್ಗೆ ಮೊದಲು ಆಯಿಲ್ ಸಂಪಿನ ತಳದ ಬಿರಡೆಯನ್ನು ಮೆಲ್ಲಗೆ ಸಡಿಲಿಸಿದೆವು. ನೀರು ಎಣ್ಣೆಗಿಂತ ಭಾರವಾದ್ದರಿಂದ ರಾತ್ರಿಯೆಲ್ಲ ತಳಕ್ಕಿಳಿದು ಮೊದಲು ಅದೇ ಹೊರಬರಬೇಕು. ಬಂದದ್ದು ಬರಿಯ ಆಯಿಲ್. ಅನಂತರ ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು, ನೀರು ತುಂಬಿಸಿ, ವಾಟರ್ ಪಂಪಿನ ಬೆಲ್ಟನ್ನು ಕಳಚಿ ಎಂಜಿನ್ ಚಾಲೂ ಮಾಡಿದೆವು. ಪಂಪು ಗಾಳಿಯೆಳೆದರೂ ಗುಳ್ಳೆ ಬರುವುದುಂಟು; ಬೆಲ್ಟ್ ಕಳಚಿದರೆ ಆ ಸಂಶಯ ಉಳಿಯದು. ಈ ಪರೀಕ್ಷೆ ಒಂದೆರಡು ನಿಮಿಷ ಮೀರಬಾರದು. ಎಂಜಿನ್ ಕಾಯುವ ಮುನ್ನವೇ ಸಾಲುಸಾಲಾಗಿ ಗುಳ್ಳೆಗಳೆದ್ದವು. ಇಂಜೆಕ್ಟರುಗಳಿಗೆ ಹೋಗುವ ಡೀಸೆಲ್ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ ಹೋದಾಗ, ಮೂರನೆಯದರಲ್ಲಿ ಗುಳ್ಳೆಗಳು ಎದ್ದುಕಾಣುವಷ್ಟು ಕಡಿಮೆಯಾದವು. ಸೋರಿಕೆಯ ನೆಲೆ ಸಿಕ್ಕಿತು.

ಹೆಡ್ ಇಳಿಸಿದಾಗ ಮೂರನೆಯ ಸಿಲಿಂಡರಿನ ಅಂಚಿನಿಂದ ನೀರಿನ ರಂಧ್ರದವರೆಗೆ ಗ್ಯಾಸ್ಕೆಟ್ಟಿನ ಮೇಲೆ ಕಪ್ಪುಗೆರೆಯೊಂದು ಸುಟ್ಟುಕೊಂಡಿತ್ತು. ಹೊಸ ಹಾಳೆ ತಂದು ಹಾಕಿದರೆ ಮುಗಿಯಿತಲ್ಲ ಎಂದು ಅವನು ಕೇಳಿದ. ಈ ಕಸುಬಿನ ಮುಖ್ಯವಾದ ಮಾತು ಇಲ್ಲಿಯೇ ಇದೆ. ಗ್ಯಾಸ್ಕೆಟ್ ಸುಮ್ಮಸುಮ್ಮನೆ ಸುಡುವುದು ಅಪರೂಪ. ಬಹುಮಟ್ಟಿಗೆ ಅದು ಅಪರಾಧಿಯಲ್ಲ, ಬಲಿಪಶು. ಅದನ್ನು ಸುಟ್ಟದ್ದು ಯಾವುದು ಎಂದು ತಿಳಿಯದೆ ಹೊಸದನ್ನು ಹಾಕಿದರೆ, ಅದೇ ಘಟ್ಟದಲ್ಲಿ ಲಾರಿ ಮತ್ತೆ ನಿಲ್ಲುತ್ತದೆ. ಹುಡುಕಿದಾಗ ಆ ರೇಡಿಯೇಟರಿನ ಕೊಳವೆಗಳಲ್ಲಿ ಗಡಸು ನೀರಿನ ಸುಣ್ಣದ ಹೊರೆ ಕಟ್ಟಿ ಅರ್ಧದಷ್ಟು ದಾರಿ ಮುಚ್ಚಿಹೋಗಿತ್ತು. ಬೇರೆ ಗಾಡಿಗಳಲ್ಲಿ ಸಡಿಲವಾದ ಫ್ಯಾನ್ ಬೆಲ್ಟ್, ತೆರೆಯದ ಥರ್ಮೋಸ್ಟಾಟ್, ರೇಡಿಯೇಟರಿನ ಮುಂದೆ ಮೆತ್ತಿದ ಕೆಸರು ಇವು ಕಾರಣವಾಗಿರುತ್ತವೆ. ಕಾದು ಕುದಿಯುವ ಎಂಜಿನ್ನಿಗೆ ಹಳ್ಳದ ತಣ್ಣೀರನ್ನು ಸುರಿದು ಹೆಡ್ಡಿಗೆ ಬಿರುಕು ತಂದುಕೊಳ್ಳುವವರೂ ಉಂಟು.

ಇನ್ನು ದುರಸ್ತಿ. ಎಂಜಿನ್ ಪೂರ್ತಿ ತಣ್ಣಗಾಗದೆ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಸಡಿಲಿಸುವಾಗ ಅಂಚಿನಿಂದ ನಡುವಿಗೆ, ಬಿಗಿಯುವಾಗ ನಡುವಿನಿಂದ ಅಂಚಿಗೆ ಸಾಗಬೇಕು. ಇಲ್ಲವಾದರೆ ಹೆಡ್ ಬಾಗುತ್ತದೆ. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮುಖದ ಮೇಲಿಟ್ಟು, ಅದರಡಿಯಲ್ಲಿ ಫೀಲರ್ ಗೇಜಿನ ಎಸಳನ್ನು ತೂರಿಸಿ, ಎಷ್ಟು ಡೊಂಕಾಗಿದೆ ಎಂದು ಅಳೆಯಬೇಕು. ಡೊಂಕು ಮಿತಿಮೀರಿದ್ದರೆ ಮುಖವನ್ನು ಯಂತ್ರದಲ್ಲಿ ತೆಳ್ಳಗೆ ಹೆರೆಸಿ ಸಮಮಾಡಿಸಬೇಕು, ಬಿರುಕಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಬೋಲ್ಟಿನ ರಂಧ್ರದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ, ಬಿಗಿಯುವಾಗ ಅದಕ್ಕೆ ಹೊರಹೋಗುವ ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಬಿಗಿಯುವುದಕ್ಕೆ ತೋಳಿನ ಅಂದಾಜು ಸಾಲದು. ತಯಾರಕರು ಹೇಳಿದಷ್ಟೇ ಬಲವನ್ನು ಟಾರ್ಕ್ ರೆಂಚಿನಿಂದ ಮೂರು ನಾಲ್ಕು ಹಂತಗಳಲ್ಲಿ ಕೊಡಬೇಕು. ಕಡೆಗೆ ಟ್ಯಾಪೆಟ್ಟುಗಳ ಸಂದನ್ನು ಹೊಂದಿಸಬೇಕು.

ಕೆಲಸಗಾರರ ದೃಷ್ಟಿಯಿಂದ ಇನ್ನೊಂದು ಮಾತು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ಹಾಳೆಗಳ ನಡುವೆ ಕಲ್ನಾರು ಇರುತ್ತಿತ್ತು. ಅದನ್ನು ಒಣಗಿದಂತೆಯೇ ಕೆರೆದು, ಊದಿ ಹಾರಿಸಿದ ಧೂಳು ಶ್ವಾಸಕೋಶಕ್ಕೆ ಸೇರಿದರೆ ಬಹುಕಾಲದ ಮೇಲೆ ಮಾರಕ ರೋಗ ತರಬಲ್ಲದು. ಹೊಸ ಎಂಜಿನ್ನುಗಳಲ್ಲಿ ಉಕ್ಕಿನ ಪದರಗಳ ಗ್ಯಾಸ್ಕೆಟ್ ಸಾಮಾನ್ಯವಾಗಿದೆ. ಆದರೂ ಹಳೆಯ ಎಂಜಿನ್ ಬಿಚ್ಚುವ ಹುಡುಗರು ಅದನ್ನು ಒದ್ದೆ ಮಾಡಿ, ಮೂಗಿಗೆ ತಕ್ಕ ಮುಸುಕು ಹಾಕಿಕೊಂಡೇ ತೆಗೆಯಬೇಕು. ಲಾರಿ ಉಳಿಸುವ ಭರದಲ್ಲಿ ಕೆಲಸಗಾರನ ಉಸಿರು ಕೆಡಬಾರದು.

ಆ ಲಾರಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ಡಿನ ಮುಖವನ್ನು ಹೆರೆಸಿ, ರೇಡಿಯೇಟರನ್ನು ಬಿಚ್ಚಿ ತೊಳೆಸಿ ಕಳುಹಿಸಿದೆವು. ಎಂಜಿನ್ ಬದಲಾಯಿಸಬೇಕಾಗಲಿಲ್ಲ, ಗಾಡಿ ಮಾರಬೇಕಾಗಲಿಲ್ಲ. ಹೊರಡುವ ಮೊದಲು ಅವನ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟೆ. ದಿನವೂ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು, ಎಷ್ಟು ನೀರು ಹಿಡಿಯಿತೆಂದು ಅದರಲ್ಲಿ ಬರೆದಿಡಲು ಹೇಳಿದೆ. ಒಂದು ಲೋಟ ಹಿಡಿಯುವಲ್ಲಿ ಎರಡು ಲೋಟ ಹಿಡಿದ ದಿನವೇ ಗ್ಯಾರೇಜಿಗೆ ಬಂದರೆ ಖರ್ಚು ಒಂದು ಹಾಳೆಯದು. ಆವಿಯೇಳುವವರೆಗೆ ಕಾದರೆ ಖರ್ಚು ಒಂದು ಹೆಡ್ಡಿನದು. ಲಾರಿ ಇಟ್ಟುಕೊಂಡಿರುವವರು ಯಾರಾದರೂ ಈ ಮಾತುಗಳನ್ನು ಕೇಳುತ್ತಿದ್ದರೆ, ಅಂಥ ಪುಸ್ತಕವೊಂದನ್ನು ನಾಳೆಯೇ ಇಡಲಿ ಎಂದು ಕೋರುತ್ತೇನೆ.