ಕೆಂಪು ದೀಪ ಹತ್ತಿದ್ರೆ ಮನೆ ತನಕ ಓಡಿಸಬೇಡಿ

ಇವತ್ತಿನ ಮಾತು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಹತ್ತೋ ದೀಪಗಳ ಬಗ್ಗೆ. ನಾನು ಬಿ.ಕಾಂ. ಓದಿದವನು, ಮೆಕ್ಯಾನಿಕ್ ಅಲ್ಲ. ಇದನ್ನ ಕಲಿತಿದ್ದು ದುಡ್ಡು ಕಳ್ಕೊಂಡು. ಅದೂ ಅಪ್ಪನ ದುಡ್ಡು.

ಎರಡು ವರ್ಷದ ಹಿಂದೆ ಒಂದು ರಾತ್ರಿ ವಿಜಯನಗರದಿಂದ ಕೆಂಗೇರಿಗೆ ಹೊರಟಿದ್ದೆ. ನಾಯಂಡಹಳ್ಳಿಗೆ ಮುಂಚೆ ಒಂದು ಹಂಪ್, ಬಿಳಿ ಪಟ್ಟೆ ಇರಲಿಲ್ಲ, ಕಾಣಲಿಲ್ಲ. ಕಾರಿನ ಹೊಟ್ಟೆಗೆ ಡಬ್ ಅಂತ ತಾಗ್ತು. ಮೈಸೂರು ರಸ್ತೆಗೆ ಬಂದ ಸ್ವಲ್ಪ ಹೊತ್ತಿಗೆ ಕೆಂಪು ದೀಪ. ಎಣ್ಣೆ ಗಿಂಡಿ ಥರದ ಚಿತ್ರ, ತುದೀಲಿ ಒಂದು ಹನಿ. ಕಾರು ಮಾತ್ರ ಚೆನ್ನಾಗೇ ಓಡ್ತಿತ್ತು. ಇನ್ನೇನು ಐದಾರು ಕಿಲೋಮೀಟರ್, ಬೆಳಿಗ್ಗೆ ನೋಡಿದ್ರಾಯ್ತು ಅಂದ್ಕೊಂಡೆ. ಕೆಂಗೇರಿ ಹತ್ರ ಬರೋಷ್ಟರಲ್ಲಿ ಎಂಜಿನ್ ಟಕಟಕ ಅನ್ನೋಕೆ ಶುರುವಾಯ್ತು, ಆಮೇಲೆ ನಿಂತೇ ಹೋಯ್ತು.

ಆಗಿದ್ದಿಷ್ಟು. ಎಂಜಿನ್ ತಳದಲ್ಲಿ ಆಯಿಲ್ ತುಂಬಿರೋ ತಟ್ಟೆ ಇರುತ್ತೆ, ಸಂಪ್ ಅಂತಾರೆ. ಹಂಪ್‌ಗೆ ತಾಗಿ ಅದು ಸೀಳಿತ್ತು. ಆ ದೀಪ ಹೇಳೋದು ಆಯಿಲ್ ಎಷ್ಟಿದೆ ಅಂತಲ್ಲ, ಆಯಿಲ್‌ನ ಒತ್ತಡ ಬಿದ್ದುಹೋಗಿದೆ ಅಂತ. ಒತ್ತಡ ಇಲ್ಲ ಅಂದ್ರೆ ಬೇರಿಂಗ್‌ಗಳಲ್ಲಿ ಲೋಹಕ್ಕೆ ಲೋಹ ಉಜ್ಜುತ್ತೆ. ಅದಕ್ಕೆ ಗಂಟೆಗಳು ಬೇಕಿಲ್ಲ, ನಿಮಿಷಗಳು ಸಾಕು. ಗ್ಯಾರೇಜ್‌ನ ಅಣ್ಣ ಒಂದೇ ಮಾತು ಹೇಳಿದ್ರು: "ದೀಪ ಹತ್ತಿದ ಜಾಗದಲ್ಲೇ ಆಫ್ ಮಾಡಿ ಫೋನ್ ಮಾಡಿದ್ರೆ, ಸಂಪ್ ಹಾಕಿ, ಆಯಿಲ್ ತುಂಬಿ ಕಳಿಸ್ತಿದ್ದೆ ಕಣಪ್ಪ." ಅಪ್ಪನ ಎರಡು ತಿಂಗಳ ಪೆನ್ಶನ್ ಎಂಜಿನ್‌ಗೆ ಹೋಯ್ತು. ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಹಾಗಾಗಿ ಚಿತ್ರಕ್ಕಿಂತ ಮೊದಲು ಬಣ್ಣ ನೋಡಿ. ಕೆಂಪು ಅಂದ್ರೆ ಪಕ್ಕಕ್ಕೆ ಹಾಕಿ ನಿಲ್ಲಿಸಿ. ನೀರಲ್ಲಿ ನಿಂತ ಥರ್ಮಾಮೀಟರ್ ಚಿತ್ರ ಕೆಂಪಾದ್ರೆ ಎಂಜಿನ್ ಕುದೀತಾ ಇದೆ. ಆಫ್ ಮಾಡಿ, ಆದ್ರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಮುಖಕ್ಕೆ ಹಾರುತ್ತೆ. ಬ್ಯಾಟರಿ ಚಿತ್ರ ಬಂದ್ರೆ ಬಹಳ ಜನ ಹೊಸ ಬ್ಯಾಟರಿ ತಗೊಳ್ಳೋಕೆ ಹೊರಡ್ತಾರೆ. ಅದು ಹೇಳ್ತಿರೋದು ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅಂತ. ತಪ್ಪು ಆಲ್ಟರ್ನೇಟರ್‌ದೋ ಬೆಲ್ಟ್‌ದೋ ಇರಬಹುದು. ಬ್ರೇಕ್ ದೀಪಕ್ಕೆ ಮೊದಲು ಹ್ಯಾಂಡ್‌ಬ್ರೇಕ್ ನೋಡ್ಕೊಳ್ಳಿ. ಪೂರ್ತಿ ಇಳಿಸಿದ್ರೂ ದೀಪ ಹೋಗ್ಲಿಲ್ಲ ಅಂದ್ರೆ ಬ್ರೇಕ್ ಫ್ಲೂಯಿಡ್ ಕಡಿಮೆ ಆಗಿರಬಹುದು. ಸುಮ್ನೆ ತುಂಬಿಸಿ ಮರೀಬೇಡಿ. ಪ್ಯಾಡ್ ಸವೆದ್ರೂ ಅದರ ಮಟ್ಟ ಇಳಿಯುತ್ತೆ, ಸೋರ್ತಾ ಇದ್ರೂ ಇಳಿಯುತ್ತೆ.

ಹಳದಿ ದೀಪಕ್ಕೆ ಇಷ್ಟು ಅವಸರ ಇಲ್ಲ. ಎಂಜಿನ್ ಚಿತ್ರದ ಹಳದಿ ದೀಪ, ಅಂದ್ರೆ ಚೆಕ್ ಎಂಜಿನ್, ಸುಮ್ನೆ ಉರೀತಿದ್ರೆ ನಿಧಾನಕ್ಕೆ ಓಡಿಸ್ಕೊಂಡು ಗ್ಯಾರೇಜ್‌ಗೆ ಹೋಗಬಹುದು. ಮಿಣುಕ್ತಾ ಇದ್ರೆ ಬೇರೆ ಕಥೆ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರೀತಿಲ್ಲ, ಅದು ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ಅದರ ಬೆಲೆ ಒಂದ್ಸಲ ಕೇಳಿ ನೋಡಿ.

ಸ್ಟೇರಿಂಗ್ ಕೆಳಗೆ 16 ಪಿನ್‌ನ ಓಬಿಡಿ ಪೋರ್ಟ್ ಇರುತ್ತೆ. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದ್ರೆ ಫೋನ್‌ನಲ್ಲೇ ಕೋಡ್ ಬರುತ್ತೆ. ಎಡವೋದು ಇಲ್ಲೇ. ಉದಾಹರಣೆಗೆ ಪಿ0171. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅದರ ಅರ್ಥ. ಸೆನ್ಸರ್ ಬದಲಾಯಿಸು ಅಂತಲ್ಲ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್‌ನಿಂದಲೂ ಬರಬಹುದು. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳುತ್ತೆ, ಡೆಂಗ್ಯೂ ಅಂತ ಹೇಳಲ್ಲ ಅಲ್ವಾ? ಕೋಡ್ ಅಳಿಸೋಕೂ ಹೋಗಬೇಡಿ, ಸ್ಕ್ರೀನ್‌ಶಾಟ್ ತಗೊಳ್ಳಿ. ಅಳಿಸಿದ್ರೆ ತೊಂದರೆ ಆದ ಹೊತ್ತಿನ ಮಾಹಿತಿನೂ ಹೋಗುತ್ತೆ.

ಡೀಸೆಲ್ ಕಾರಿನವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ. ರಾಜಾಜಿನಗರದಿಂದ ಬಸವೇಶ್ವರನಗರಕ್ಕೆ ಅಂತ ದಿನಾ ಎರಡ್ಮೂರು ಕಿಲೋಮೀಟರ್ ಓಡಿಸಿದ್ರೆ ಆ ಮಸಿ ಸುಡೋವಷ್ಟು ಬಿಸಿನೇ ಆಗಲ್ಲ, ದೀಪ ಹತ್ತುತ್ತೆ. ಸಾಮಾನ್ಯವಾಗಿ ಕೆಂಗೇರಿ ದಾಟಿ ಬಿಡದಿ ಕಡೆ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದ್ರೆ ಆರುತ್ತೆ. ಎಷ್ಟು ವೇಗ ಅನ್ನೋದು ಮ್ಯಾನುಯಲ್‌ನಲ್ಲಿದೆ. ಆರಲಿಲ್ಲ ಅಂದ್ರೆ ಗ್ಯಾರೇಜ್.

ಇನ್ನು ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರಿಗೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಯಿಲ್, ಬ್ಯಾಟರಿ, ಚೆಕ್ ಎಂಜಿನ್, ಏರ್‌ಬ್ಯಾಗ್, ಈ ದೀಪಗಳೆಲ್ಲ ಒಂದ್ಸಲ ಹತ್ತಬೇಕು. ಹೋದ ತಿಂಗಳು ಫ್ರೆಂಡ್ ಜೊತೆ ಬಸವೇಶ್ವರನಗರದಲ್ಲಿ ಒಂದು ಕಾರು ನೋಡೋಕೆ ಹೋಗಿದ್ದೆ. ಚೆಕ್ ಎಂಜಿನ್ ದೀಪ ಹತ್ತಲೇ ಇಲ್ಲ. "ನೋಡಿ ಸಾರ್, ಒಂದು ವಾರ್ನಿಂಗೂ ಇಲ್ಲ, ಕ್ಲೀನ್ ಗಾಡಿ" ಅಂದ್ರು ಮಾರೋರು. ಬಲ್ಬ್ ಸುಟ್ಟಿತ್ತೋ, ಯಾರಾದ್ರೂ ಕಿತ್ತಿದ್ರೋ, ಕೇಳೋಕೆ ಹೋಗಲಿಲ್ಲ. ಪಕ್ಕದಲ್ಲೇ ಒಂದೊಂದು ಬೈಟೂ ಕಾಫಿ ಕುಡಿದು ವಾಪಸ್ ಬಂದ್ವಿ.